ಸಣ್ಣ ನೀರಾವರಿ ಸಚಿವರಿಗೆ: ಕೆರೆಗೆ ನೀರು ಬಿಡುವ ಮುಂಚೆ ಕ್ರೋಮಿಯಂ ಲೆಕ್ಕ ಕೊಡಿ

ಸನ್ಮಾನ್ಯ ಸಚಿವರಿಗೆ ನಮಸ್ಕಾರ.

ಬೆಂಗಳೂರಿನ ವೃಷಭಾವತಿ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ನೆಲಮಂಗಲ, ತುಮಕೂರು ಕಡೆಯ ಕೆರೆ ತುಂಬಿಸುವ ಯೋಜನೆಗೆ ನಾನು ವಿರೋಧಿ ಅಲ್ಲ. ಬೋರ್‌ವೆಲ್ ಬತ್ತಿದ ಊರಿನವರು ನೀರು ಬೇಡ ಅನ್ನೋಕೆ ಆಗುತ್ತಾ? ಆದರೆ ಆ ನೀರಿನಲ್ಲಿ ಏನಿದೆ ಅಂತ ಕೇಳಿದರೆ 'ಎರಡು ಹಂತ ಶುದ್ಧ ಮಾಡಿದ್ದು' ಅನ್ನುವುದು ಉತ್ತರವಲ್ಲ ಸಾರ್.

ಮೊದಲ ಹಂತದಲ್ಲಿ ಕಸ, ಮರಳು, ತಳಕ್ಕೆ ಕೂರುವ ಕೆಸರು ತೆಗೆಯುತ್ತಾರೆ. ಎರಡನೆಯದರಲ್ಲಿ ಗಾಳಿ ಕೊಟ್ಟು ಬ್ಯಾಕ್ಟೀರಿಯಾಗಳಿಗೆ ಕೊಳೆ ತಿನ್ನಿಸುತ್ತಾರೆ. ಮನೆಗಳ ಕೊಳಚೆಗೆ ಇಷ್ಟು ಸಾಕು. ಆದರೆ ಕಾರ್ಖಾನೆಗಳಿಂದ ಬಂದು ಸೇರುವ ಕ್ರೋಮಿಯಂ, ನಿಕಲ್, ಸೀಸದಂಥ ಲೋಹಗಳನ್ನು ಯಾವ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ ಹೇಳಿ? ಒಂದಷ್ಟು ಕೆಸರಿಗೆ ಅಂಟುತ್ತದೆ, ಮಿಕ್ಕಿದ್ದು ನೀರಿನ ಜೊತೆಗೇ ಹೊರಡುತ್ತದೆ. (ಆ ಕೆಸರನ್ನು ಗೊಬ್ಬರ ಅಂತ ಹೊಲಕ್ಕೆ ಹಾಕಿದರೆ ಅದು ಬೇರೆಯೇ ಕಥೆ.) ಕೆರೆಗೆ ಬಂದ ಲೋಹ ವರ್ಷ ವರ್ಷ ಹೂಳಿನಲ್ಲಿ ಕೂಡುತ್ತಾ ಹೋಗುತ್ತದೆ, ಬೇಸಿಗೆಯಲ್ಲಿ ನಮ್ಮವರು ಅದೇ ಗೋಡನ್ನು ಟ್ರಾಕ್ಟರ್‌ನಲ್ಲಿ ತುಂಬಿ ತೋಟಕ್ಕೆ ಹೊಡೆಯುತ್ತಾರೆ.

ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರುವುದು ಹಳೇ ಸುದ್ದಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಲೋಹದ ಸಾಮಾನಿಗೆ ಕ್ರೋಮಿಯಂ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಶೆಡ್‌ನಲ್ಲೇ ಇದನ್ನು ತೆಗೆಯುವ ದಾರಿ ಎಲ್ಲರಿಗೂ ಗೊತ್ತು: ಆಸಿಡ್ ಹಾಕಿ ಪಿಎಚ್ (ಹುಳಿ-ಕ್ಷಾರದ ಅಳತೆ) 2-3ಕ್ಕೆ ಇಳಿಸಿ ಸೋಡಿಯಂ ಬೈಸಲ್ಫೈಟ್ ಬೆರೆಸಿದರೆ ಹೆಕ್ಸಾವೇಲೆಂಟ್ ಅನ್ನುವ ಹೆಚ್ಚು ಅಪಾಯದ ರೂಪದ ಕ್ರೋಮಿಯಂನ ವಿಷ ಎಷ್ಟೋ ತಗ್ಗುತ್ತದೆ, ಆಮೇಲೆ ಸುಣ್ಣ ಹಾಕಿ 8-9ಕ್ಕೆ ಏರಿಸಿದರೆ ತಳಕ್ಕೆ ಕೂರುತ್ತದೆ. ಅರ್ಧ ನಗರದ ಕೊಳಚೆಯಲ್ಲಿ ಬೆರೆತ ಮೇಲೆ ಹುಡುಕಿ ತೆಗೆಯೋಕೆ ಹೋದರೆ ಖರ್ಚಿಗೆ ಕೊನೆಯೇ ಇಲ್ಲ. ನಾಲ್ಕು ತೊಟ್ಟಿ ಇಟ್ಟುಕೊಂಡವನಿಗೆ ಇದೆಲ್ಲ ಭಾರ, ಒಪ್ಪುತ್ತೇನೆ. ಹಾಗಾದರೆ ಹಲವು ಕಾರ್ಖಾನೆಗಳಿಗೆ ಒಟ್ಟಾಗಿ ಇರುವ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಟ್ಯಾಂಕರಿನಲ್ಲಿ ಕಳಿಸುವ ಖರ್ಚಿಗೆ ಸಬ್ಸಿಡಿ ಕೊಡಿ. ಆಮೇಲೂ ಚರಂಡಿಗೆ ಬಿಟ್ಟವರ ಕರೆಂಟ್ ಕಟ್ ಮಾಡಿಸಿ, ಜಲ ಕಾಯ್ದೆಯ 33ಎ ಸೆಕ್ಷನ್‌ನಲ್ಲಿ ಆ ಅಧಿಕಾರ ಇದೆ.

ಅದು ಪರಿಸರ ಇಲಾಖೆ ಕೆಲಸ ಅನ್ನಬಹುದು ನೀವು. ಪಂಪು ನಿಮ್ಮದು ಅಲ್ವಾ?

ಹಾಗಾಗಿ ನಿಮ್ಮ ಇಲಾಖೆಯಿಂದಲೇ ಆಗುವ ಒಂದು ಕೆಲಸ ಕೇಳುತ್ತೇನೆ. ನೀರು ಬಿಡುವ ಮೊದಲೊಮ್ಮೆ, ಆಮೇಲೆ ಪ್ರತಿ ತಿಂಗಳು, ಪ್ರತಿ ಕೆರೆಯ ನೀರು ಮತ್ತು ಹೂಳು ಎರಡರಲ್ಲೂ ಕ್ರೋಮಿಯಂ, ನಿಕಲ್, ಸೀಸ, ಕ್ಯಾಡ್ಮಿಯಂ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ, ವರದಿಯನ್ನು ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿ ಬೋರ್ಡಿಗೆ ಅಂಟಿಸಿ. ಮಿತಿ ಮೀರಿದ ದಿನವೇ ಪಂಪು ನಿಲ್ಲಿಸುವ ಆದೇಶವೂ ಅದರ ಪಕ್ಕದಲ್ಲೇ ಇರಲಿ.

ಇಂತಿ,
ಕೆರೆ ಕೆಳಗಿನ ಅಚ್ಚುಕಟ್ಟಿನ ಒಬ್ಬ ರೈತ