ಗ್ರಂಥಾಲಯದಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲಿಲ್ಲ, ಋಣ ಮಾತ್ರ ದೊಡ್ಡದು. ಅವತ್ತು ರಾಯಚೂರಿನ ಗ್ರಂಥಾಲಯದಲ್ಲಿ ಮಕ್ಕಳ ಪಾಠಕ್ಕೆಂದು ಅಶೋಕನ ಮಸ್ಕಿ ಶಾಸನವನ್ನು ಗೂಗಲ್‌ನಲ್ಲಿ ಹುಡುಕುತ್ತಿದ್ದೆ. ಬರೀ ಮಸ್ಕಿ ಕ್ಷೇತ್ರದ ಚುನಾವಣೆ ಸುದ್ದಿ! ನೀವು ನಿಮ್ಮ ಕೆಲಸ ಬಿಟ್ಟು ಬಂದು ‘ಚುನಾವಣೆ’ ಪದಕ್ಕೆ ಮೊದಲು, ಅದಕ್ಕೆ ಅಂಟಿದಂತೆ ಮೈನಸ್ ಗುರುತು ಹಾಕಿದಿರಿ, ಅದೆಲ್ಲ ಮಾಯ. ಎರಡೂ ಪದ ಒಟ್ಟಿಗೇ ಇರುವುದು ಸಿಗಲೆಂದು ‘ಮಸ್ಕಿ ಶಾಸನ’ಕ್ಕೆ ಜೋಡಿ ಉದ್ಧರಣ ಚಿಹ್ನೆ ಕೊಟ್ಟು, ಒಂದೇ ಜಾಲತಾಣದೊಳಗೆ ಹುಡುಕಲು ಇಂಗ್ಲಿಷಿನಲ್ಲಿ ಸೈಟ್, ಕೋಲನ್, ಅದಕ್ಕೆ ಅಂಟಿದಂತೆ ಆ ತಾಣದ ವಿಳಾಸ ಬರೆದಿರಿ. “ನಡುವೆ ಸ್ಪೇಸ್ ಬಿಡಬ್ಯಾಡ್ರಿ” ಅಂತ ಪರದೆಗೆ ಬೆರಳಿಟ್ಟು ತೋರಿಸಿದಿರಿ. ಪಿಡಿಎಫ್ ಅಷ್ಟೇ ಬೇಕಾದರೆ ಹಾಗೇ ಇಂಗ್ಲಿಷಿನಲ್ಲಿ ಫೈಲ್‌ಟೈಪ್, ಕೋಲನ್, ಪಿಡಿಎಫ್ ಅಂತ ಅಂಟಿಸಿ ಬರೆಯಬೇಕು ಅಂದಿರಿ.

1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಶಾಸನ ನಮ್ಮ ಜಿಲ್ಲೆಯದು. ಅದನ್ನು ಮಕ್ಕಳ ಮುಂದೆ ಇಡಲು ಆದದ್ದು ನಿಮ್ಮಿಂದ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳನ್ನೂ ಹೀಗೇ ಹುಡುಕಿಕೊಂಡೆ. ಭಾಳ ಥ್ಯಾಂಕ್ಸ್ ಅಕ್ಕಾರ.