ಎಲ್ಲಕ್ಕೂ 'ಡೂ' ಬೇಡ ಪುಟ್ಟಿ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನಗೆ ಹೋಮ್‌ಸ್ಟೇಯಲ್ಲಿ ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯಿತು. ಅತಿಥಿಗಳಿಗೆ ಅಂತ ಇಂಗ್ಲಿಷಿನಲ್ಲಿ ಬರೆದ ಪಟ್ಟಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆಯಲ್ಲ, ಎರಡು ಸಲ ಓದಿದೆ. 'ಡೂ ರಾಫ್ಟಿಂಗ್', 'ಡೂ ಟ್ರೆಕ್ಕಿಂಗ್', 'ಡೂ ಸೈಕ್ಲಿಂಗ್' ಅಂತ ಸಾಲಾಗಿ ಬರೆದಿದ್ದೀಯ. ಕನ್ನಡದಲ್ಲಿ ರಾಫ್ಟಿಂಗ್ ಮಾಡಿದ್ವಿ, ಟ್ರೆಕ್ಕಿಂಗ್ ಮಾಡಿದ್ವಿ ಅಂತೀವಿ. ಆ 'ಮಾಡು' ಸುಮ್ನೆ ಇಂಗ್ಲಿಷಿಗೂ ಬಂದು ಕೂತಿದೆ. ಬೋರ್ಡ್ ಬರೆಸುವ ಮೊದಲೇ ತಿದ್ದಿಕೋ.

ಇವೆಲ್ಲ ಹೊರಗೆ ಹೊರಟು ಮಾಡುವಂಥವು. ಕೊನೆಗೆ 'ಇಂಗ್' ಇರುವ ಇಂಥ ಮಾತಿಗೆ 'ಗೋ' ಹಾಕು: ಗೋ ರಾಫ್ಟಿಂಗ್, ಗೋ ಟ್ರೆಕ್ಕಿಂಗ್, ಗೋ ಸ್ವಿಮ್ಮಿಂಗ್. ಜಾಸ್ತಿ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಮ್ಮ 'ರಾಫ್ಟಿಂಗ್‌ಗೆ' ಅನ್ನುವುದರಲ್ಲಿರುವ 'ಗೆ' ನೋಡಿ 'ಗೋ ಟು ರಾಫ್ಟಿಂಗ್' ಅಂದುಬಿಡುತ್ತಾರೆ. ಅಲ್ಲಿ 'ಟು' ಬೇಡ. ಜಾಗದ ಹೆಸರಿಗೆ ಮಾತ್ರ ಬೇಕು: ಗೋ ಟು ದುಬಾರೆ. ಎರಡೂ ಒಟ್ಟಿಗೆ ಬಂದರೆ 'ಗೋ ರಾಫ್ಟಿಂಗ್ ಅಟ್ ದುಬಾರೆ'. ನಾವು ಹೊಳೆಗೆ ಈಜಲು ಹೋದೆವು ಅಂತೀವಿ, ಅವರು 'ವೆಂಟ್ ಸ್ವಿಮ್ಮಿಂಗ್ ಇನ್ ದಿ ರಿವರ್' ಅಂತಾರೆ. ಈಜಿದ್ದು ಹೊಳೆಯ ಒಳಗೆ ಅಲ್ವಾ?

'ಇಂಗ್' ಬಿಟ್ಟರೆ ಮಾತು ಬದಲಾಗುತ್ತದೆ. ಗೋ ಫಾರ್ ಎ ಸ್ವಿಮ್, ಗೋ ಫಾರ್ ಎ ವಾಕ್. ಚಾರಣಕ್ಕೆ 'ಗೋ ಆನ್ ಎ ಟ್ರೆಕ್'. 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಬಗ್ಗೆ ಕೇಳದ ಅತಿಥಿ ಕಡಿಮೆ. ಅದನ್ನು ಹತ್ತಿ ಬಂದವರಿಗೆ ನೇರವಾಗಿ 'ಕ್ಲೈಂಬ್' ಅಂದರೆ ಸಾಕು.

ಯೋಗ, ಕರಾಟೆ, ಜಿಮ್ನಾಸ್ಟಿಕ್ಸ್, ಅಥ್ಲೆಟಿಕ್ಸ್‌ಗೆ 'ಡೂ' ಸರಿ. 'ಪ್ಲೇ ಯೋಗ' ಅನ್ನಬೇಡ. ಇನ್ನೊಂದು ಮಾತು, 'ಸಮ್' ಸೇರಿದರೆ 'ಡೂ ಸಮ್ ಫಿಶಿಂಗ್' ಕೂಡ ಒಳ್ಳೆಯ ಇಂಗ್ಲಿಷೇ. ಯಾರಾದರೂ ಹಾಗಂದರೆ ಗಾಬರಿಯಾಗಬೇಡ.

ಹಾಕಿ, ಟೆನಿಸ್, ಕೇರಂ, ಚೆಸ್‌ಗೆ 'ಪ್ಲೇ'. ಅದು ನಿನಗೆ ಗೊತ್ತು. ಆದರೆ 'ಪ್ಲೇ ದಿ ಹಾಕಿ' ಅನ್ನಬೇಡ. 1997ರಲ್ಲಿ ಕೊಡಗಿನ ಕರಡ ಊರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಬಗ್ಗೆ ಹೊರಗಿನವರು ಕುತೂಹಲದಿಂದ ಕೇಳುತ್ತಾರೆ. ಮನೆತನದ ಪರವಾಗಿ ಆಡುವುದು 'ಪ್ಲೇ ಫಾರ್'. ಇನ್ನೊಂದು ಮನೆತನದ ಮೇಲೆ ಆಡುವುದು 'ಪ್ಲೇ ಅಗೇನ್ಸ್ಟ್', 'ಪ್ಲೇ ಆನ್' ಅಲ್ಲ. ನಮ್ಮ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ ಬಗ್ಗೆ ಹೇಳುವಾಗ 'ಪ್ಲೇಯ್ಡ್ ಫಾರ್ ಇಂಡಿಯಾ' ಅಂತ ಎದೆಯುಬ್ಬಿಸಿ ಹೇಳು.

ಅತಿಥಿಗಳು ಇಂಗ್ಲಿಷಿನ ತಪ್ಪು ಹಿಡಿಯುತ್ತಾರೆ ಅಂತ ಹೆದರಿ ಮಾತು ನಿಲ್ಲಿಸಬೇಡ. ಬಾಯಿತಪ್ಪಿದರೆ ಅಲ್ಲೇ ತಿದ್ದಿಕೊಂಡು ಮುಂದುವರಿಸು. ಬೋರ್ಡಿನ ಮಾತು ಬೇರೆ. ಅದನ್ನು ದಿನಾ ಹತ್ತು ಜನ ಓದುತ್ತಾರೆ.

ಪಟ್ಟಿಯಲ್ಲಿ ಕೊಡವರ ಕೈಲ್ ಮುಹೂರ್ತ ಹಬ್ಬದ ಸಾಲು ಮರೆತಿದ್ದೆ. ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ 'ಪ್ಲೇ ಶೂಟಿಂಗ್' ಅಂತ ಹಾಕಿದ್ದೀಯ. 'ಶೂಟ್ ಅಟ್ ಎ ಕೋಕೊನಟ್' ಅಂತ ಬರಿ. 'ಶೂಟ್ ಅಟ್' ಅಂದರೆ ಗುರಿಯಿಟ್ಟು ಹೊಡೆದರು ಅಂತ ಮಾತ್ರ, ತಾಗದೆಯೂ ಇರಬಹುದು. ಕಾಯಿಗೆ ತಾಗಿದಾಗ 'ಹಿಟ್' ಅನ್ನು.

ತಿದ್ದಿದ ಪಟ್ಟಿಯನ್ನು ಭಾನುವಾರದೊಳಗೆ ಕಳಿಸು, ನೋಡಿ ಕೊಡುತ್ತೇನೆ.

ನಿನ್ನ ಅತ್ತೆ