ಕಾಫಿ ಲೋಟದಿಂದಲೂ ಇತಿಹಾಸ ಕಲಿಸಬಹುದು

ಸಂಪಾದಕರಿಗೆ ನಮಸ್ಕಾರ.

ನನ್ನ ಮಗಳು ಇಲ್ಲೇ ಚಿಕ್ಕಮಗಳೂರಿನಲ್ಲಿ ಬಿಎ ಓದುತ್ತಿದ್ದಾಳೆ. ಅವಳ ಇತಿಹಾಸದ ನೋಟ್ಸಿನಲ್ಲಿ ಫ್ಯಾಸಿಸಂ (ಉಗ್ರ ರಾಷ್ಟ್ರವಾದದ ಸರ್ವಾಧಿಕಾರ) ಅಂದ್ರೆ ಮುಸೊಲಿನಿ, ಹಿಟ್ಲರ್, ಯುದ್ಧ, ಒಂದಷ್ಟು ಇಸವಿ. ಅಷ್ಟೇ. ಆಗಿನ ಜನ ಏನು ಕೊಳ್ಳುತ್ತಿದ್ದರು, ಏನು ಕುಡಿಯುತ್ತಿದ್ದರು ಅಂತ ಹುಡುಕಿ ಪಾಠ ಮಾಡುವ ಇತಿಹಾಸಕಾರರಿದ್ದಾರೆ. ಅಂಥ ಪಾಠ ನಮ್ಮ ಮಕ್ಕಳಿಗೂ ಸಿಗಬೇಕು.

1935ರಲ್ಲಿ ಇಟಲಿ ಇಥಿಯೋಪಿಯಾ ಮೇಲೆ ದಂಡೆತ್ತಿ ಹೋಯಿತು, ಬೇರೆ ದೇಶಗಳು ವ್ಯಾಪಾರಕ್ಕೆ ನಿರ್ಬಂಧ ಹಾಕಿದವು, ಆಗ ಇಟಲಿಯ ಮುಸೊಲಿನಿ ಸರ್ಕಾರ ಸ್ವಾವಲಂಬನೆಯ ಹೆಸರಲ್ಲಿ ಕಾಫಿ ಬದಲು ಚಿಕೋರಿ, ಬಾರ್ಲಿ ಕುಡಿಯಿರಿ ಅಂದಿತು. ಕಾಫಿ ತೋಟದ ಮಕ್ಕಳಿಗೆ ಇದು ತಕ್ಷಣ ಅರ್ಥವಾಗುತ್ತೆ, ಅಲ್ವಾ? ಚಿಕೋರಿ ಜಾಸ್ತಿಯಾದರೆ ರುಚಿ ಏನಾಗುತ್ತೆ ಅಂತ ಅವರಿಗೆ ಹೇಳಿಕೊಡಬೇಕಿಲ್ಲ.

ಹಿಟ್ಲರನ ಜರ್ಮನಿಯ ಕಥೆ ಇನ್ನೂ ಸಂಕಟದ್ದು. 990 ಮಾರ್ಕಿಗೆ (ಮಾರ್ಕ್ ಅಂದ್ರೆ ಅಲ್ಲಿನ ದುಡ್ಡು) ಕಾರು ಅಂತ ಹೇಳಿ, ವಾರಕ್ಕೆ 5 ಮಾರ್ಕಿನ ಸ್ಟಾಂಪ್ ಕೊಂಡು ಅಂಟಿಸಿಕೊಂಡು ಹೋಗುವ ಉಳಿತಾಯ ಯೋಜನೆಯನ್ನು ಅಲ್ಲಿನ ಸರ್ಕಾರ ತಂದಿತು. 3 ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಕಾರ್ಖಾನೆ ಸೇನೆಗೆ ವಾಹನ ಮಾಡಿತು, ದುಡ್ಡು ಕಟ್ಟಿದ ಒಬ್ಬರಿಗೂ ಆ ಸರ್ಕಾರದಿಂದ ಕಾರು ಸಿಗಲಿಲ್ಲ.

ಡಿಗ್ರಿ ಕಾಲೇಜಿನ ಮೇಷ್ಟ್ರುಗಳು ಇದಕ್ಕೆ ಎರಡು ಪಿರಿಯಡ್ ಆದರೂ ಕೊಡಲಿ.

— ಓದುಗರೊಬ್ಬರು, ಚಿಕ್ಕಮಗಳೂರು